ಪಿನ್ ಒತ್ತಿದವರದ್ದೇ ತಪ್ಪಾ? ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ ನಮಸ್ಕಾರಗಳು.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತೇನೆ. ಪಹಣಿ ಪ್ರಿಂಟ್, ಜಾತಿ ಪ್ರಮಾಣಪತ್ರದ ಅರ್ಜಿ, ಮದುವೆ ಪತ್ರಿಕೆ, ಇವು ನನ್ನ ದಿನದ ಕೆಲಸ. ಕೆಲವು ವರ್ಷಗಳಿಂದ ಇವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಫೋನಿನಿಂದ ದುಡ್ಡು ಹೋಯಿತು, ಒಂದು ದೂರು ಬರೆದುಕೊಡಿ ಎಂದು ಜನ ಬರುತ್ತಾರೆ. ಕೆಲವರು ಅಳುತ್ತಾ ಬರುತ್ತಾರೆ. ಜಾಸ್ತಿ ಜನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ನಾಚಿಕೊಂಡು ಬರುತ್ತಾರೆ. ಅವರ ದೂರುಗಳನ್ನು ಟೈಪ್ ಮಾಡುತ್ತಾ ನನಗೆ ಅರ್ಥವಾದ ಸಂಗತಿಯನ್ನು ನಿಮಗೆ ಹೇಳಲೇಬೇಕು ಅನ್ನಿಸಿದೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪತ್ರವನ್ನು ಅವರೂ ಓದಬೇಕು.

ನನ್ನ ಮನವಿ ಇಷ್ಟೇ. ಫೋನಿನಲ್ಲಿ ಹಣ ಕಳೆದುಕೊಂಡವರಿಗೆ ರಿಸರ್ವ್ ಬ್ಯಾಂಕ್ ಒಂದು ರಕ್ಷಣೆ ಕೊಟ್ಟಿದೆ. ಆದರೆ ಮೋಸದ ಮಾತು ನಂಬಿ ತಾವೇ ಪಿನ್ ಒತ್ತಿದವರು ಆ ರಕ್ಷಣೆಯ ಹೊರಗೆ ಉಳಿದಿದ್ದಾರೆ. ನನ್ನ ಅಂಗಡಿಗೆ ಬರುವವರಲ್ಲಿ ಬಹುಪಾಲು ಅವರೇ. ಅವರನ್ನು ಒಳಗೆ ಸೇರಿಸಿಕೊಳ್ಳಿ.

ಯುಪಿಐ ಬಗ್ಗೆ ನನಗೆ ಯಾವ ಸಿಟ್ಟೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. 2016ರಲ್ಲಿ ಅದು ಶುರುವಾದಾಗ ನಮ್ಮ ಊರಿನಲ್ಲಿ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಇವತ್ತು ಸಂತೆಯಲ್ಲಿ ಕೊತ್ತಂಬರಿ ಸೊಪ್ಪು ಮಾರುವ ಅಜ್ಜಿಯ ಚೀಲದ ಮುಂದೆಯೂ ಕ್ಯೂಆರ್ ಕೋಡ್ ಇದೆ. ಚಿಲ್ಲರೆ ಜಗಳ ನಿಂತಿದೆ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುವ ಮಗಳು ಕಳಿಸಿದ ದುಡ್ಡು ಅರೆಕ್ಷಣದಲ್ಲಿ ಅಮ್ಮನ ಖಾತೆಗೆ ಬರುತ್ತದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ಪಾವತಿಗಳು ನಡೆದವು. ಇಷ್ಟು ದೊಡ್ಡದಾಗಿ ಬೆಳೆದ ಮೇಲೆ ಇದು ಇಷ್ಟವಿದ್ದವರು ಬಳಸುವ ಸೌಲಭ್ಯವಾಗಿ ಉಳಿದಿಲ್ಲ. ಅಂಗಡಿಯವರು, ಗಿರಾಕಿಗಳು ಯಾರಿಗೂ ಇದನ್ನು ಬಿಟ್ಟು ಬದುಕುವುದು ಸುಲಭವಿಲ್ಲ. ಆದ್ದರಿಂದಲೇ ಎಲ್ಲ ಹೊಣೆಯನ್ನೂ ಬಳಸುವವರ ತಲೆಗೆ ಕಟ್ಟುವುದು ಸರಿಯಲ್ಲ.

ಒಂದು ಪ್ರಕರಣ ಹೇಳುತ್ತೇನೆ. ನಮ್ಮ ಬೀದಿಯಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಶನಿವಾರ ಸಂಜೆ ಅವರಿಗೆ ಒಂದು ಕರೆ ಬಂತು. ಮಾತಾಡಿದವನು ಅವರ ಗಂಡನ ಹೆಸರು ಹೇಳಿದ. "ಅಕ್ಕಾ, ಅಣ್ಣಂಗೆ ಎರಡು ಸಾವಿರ ಕೊಡೋದಿತ್ತು, ನಿಮ್ಮ ನಂಬರಿಗೇ ಹಾಕ್ತಿದೀನಿ" ಎಂದ. ಟಣ್ ಎಂದು ಮೆಸೇಜ್ ಬಂತು: ಖಾತೆಗೆ 20,000 ರೂಪಾಯಿ ಜಮಾ. ಮರುಕ್ಷಣವೇ ಅವನ ದನಿ ನಡುಗಿತು. "ಅಯ್ಯೋ, ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ ಅಕ್ಕಾ. ಆಸ್ಪತ್ರೆ ದುಡ್ಡು ಅದು. ಹದಿನೆಂಟು ಸಾವಿರ ವಾಪಸ್ ಹಾಕಿ, ನಮ್ಮ ಮನೆಯವರು ಐಸಿಯುನಲ್ಲಿದ್ದಾರೆ." ಇವರು ಹಾಕಿದರು. ಆಸೆಗೆ ಬಿದ್ದು ಹಾಕಲಿಲ್ಲ. ಇನ್ನೊಬ್ಬರ ದುಡ್ಡು ನಮ್ಮ ಹತ್ತಿರ ಇರಬಾರದು ಎಂದು ಹಾಕಿದರು.

ಆ ಮೆಸೇಜನ್ನು ನಾನು ನೋಡಿದೆ. ಬ್ಯಾಂಕಿನ ಮೆಸೇಜ್ ಹೇಗಿರುತ್ತದೋ ಥೇಟ್ ಹಾಗೇ ಇತ್ತು. ಖಾತೆಯ ನಂಬರಿನ ಜಾಗದಲ್ಲಿ ಎಕ್ಸ್ ಎಕ್ಸ್, ತಾರೀಕು, ಮೊತ್ತ, ಉಳಿಕೆ ಎಲ್ಲ ಇತ್ತು. ಒಂದೇ ವ್ಯತ್ಯಾಸ. ಅದು ಬಂದಿದ್ದು ಹತ್ತು ಅಂಕಿಯ ಸಾದಾ ಮೊಬೈಲ್ ನಂಬರಿನಿಂದ. ನಿಜವಾದ ಬ್ಯಾಂಕ್ ಮೆಸೇಜಿನಲ್ಲಿ ಕಳಿಸಿದವರ ಜಾಗದಲ್ಲಿ ಅಕ್ಷರಗಳ ಹೆಸರಿರುತ್ತದೆ, ಕೊನೆಯಲ್ಲಿ ಒಂದು ಗೆರೆ ಎಳೆದು ಎಸ್ ಅಥವಾ ಟಿ ಎಂದಿರುತ್ತದೆ. ಜಾಹೀರಾತಿನದ್ದಾದರೆ ಪಿ, ಸರ್ಕಾರದ್ದಾದರೆ ಜಿ. ಇದು ನನಗೆ ಗೊತ್ತಾಗಿದ್ದು ಇಂಥ ದೂರುಗಳನ್ನು ಬರೆದೂ ಬರೆದೂ. ಹೊಲಿಗೆ ಯಂತ್ರದ ಮುಂದೆ ಕೂತು, ಬ್ಲೌಸ್ ಕೊಡಬೇಕಾದ ಗಡಿಬಿಡಿಯಲ್ಲಿ ಇರುವವರಿಗೆ ಆ ಒಂದು ಅಕ್ಷರ ಕಾಣಬೇಕು ಎನ್ನುವುದು ನ್ಯಾಯವಾ? ದುಡ್ಡು ಕಳಿಸುವಾಗ ತೆರೆಯ ಮೇಲೆ ಬೇರೆ ಯಾರದ್ದೋ ಹೆಸರು ಬಂದಿತ್ತಂತೆ. ಅದನ್ನು ಅವರು ಕೇಳಿದ್ದರು ಕೂಡ. "ಅದು ನಮ್ಮ ಭಾವಮೈದುನನ ಖಾತೆ ಅಕ್ಕಾ" ಎಂದಿದ್ದ ಅವನು.

ಭಾನುವಾರ ಬ್ಯಾಂಕ್ ರಜಾ. ಸೋಮವಾರ ಬೆಳಿಗ್ಗೆ ಅವರ ಜೊತೆ ನಾನೂ ಹೋದೆ. ಕೌಂಟರಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಪಿನ್ ನೀವೇ ಹಾಕಿದ್ದು ತಾನೇ?" ಹೌದು ಎಂದರು. "ಹಾಗಾದ್ರೆ ನಮ್ಮ ಕೈಲಿ ಏನೂ ಇಲ್ಲಮ್ಮ, ಪೊಲೀಸ್ ಸ್ಟೇಷನ್‌ಗೆ ಹೋಗಿ." ದೂರು ಪಡೆದಿದ್ದಕ್ಕೆ ಒಂದು ನಂಬರ್ ಕೊಡಿ ಎಂದು ನಾನು ಕೇಳಿದೆ. ಕೊಡಲಿಲ್ಲ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಇದೇ ಪ್ರಶ್ನೆ, ಇದೇ ಉತ್ತರ ಬೇರೆ ಬೇರೆ ಕೌಂಟರುಗಳಲ್ಲೂ ಬಂದಿದೆ ಎಂದು ನನ್ನ ಹತ್ತಿರ ಬರುವವರು ಹೇಳುತ್ತಾರೆ.

ಈಗ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಬರುತ್ತೇನೆ. 2017ರ ಜುಲೈ 6ರ ನಿಮ್ಮ ಸುತ್ತೋಲೆಯನ್ನು ನಾನು ಪ್ರಿಂಟ್ ತೆಗೆದು ಅಂಗಡಿಯಲ್ಲಿ ಇಟ್ಟುಕೊಂಡಿದ್ದೇನೆ. ಒಳ್ಳೆಯ ಸುತ್ತೋಲೆ ಅದು. ಗ್ರಾಹಕರ ಒಪ್ಪಿಗೆ ಇಲ್ಲದೆ, ಮೂರನೆಯವರ ಕೈವಾಡದಿಂದ ಖಾತೆಯ ಹಣ ಹೋದರೆ, ಬ್ಯಾಂಕಿನ ಸೂಚನೆ ತಲುಪಿದ 3 ಕೆಲಸದ ದಿನಗಳ ಒಳಗೆ ತಿಳಿಸಿದರೆ ಗ್ರಾಹಕರಿಗೆ ಒಂದು ರೂಪಾಯಿಯ ನಷ್ಟವೂ ಇಲ್ಲ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟಕ್ಕೆ ಮಿತಿ ಇದೆ: ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಗೆ 5,000. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದೊಳಗೆ ದೂರು ಮುಗಿಸಬೇಕು. ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದ್ದೇ. ಮೊದಲೇ ದುಡ್ಡು ತುಂಬಿಸಿಡುವ ಮೊಬೈಲ್ ವಾಲೆಟ್‌ಗಳಿಗೂ ಇಂಥದ್ದೇ ನಿಯಮವನ್ನು 2019ರ ಜನವರಿ 4ರಂದು ತಂದಿರಿ.

ನಮ್ಮ ಊರಿನಲ್ಲಿ ಇದನ್ನು ಎಷ್ಟು ಜನ ಕೇಳಿದ್ದಾರೆ ಎಂದರೆ, ನಾನು ಹೇಳಿದಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೇ "ಹೌದಾ ಸರ್?" ಎಂದ. ನಿಯಮ ಇದೆ, ಅದು ಬೇಕಾದವರ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ. ಪಾಸ್‌ಬುಕ್ಕಿನ ಹಿಂದೆ ಇಲ್ಲ, ಎಟಿಎಂ ಗೋಡೆಯ ಮೇಲೆ ಇಲ್ಲ, ಆ್ಯಪಿನ ಪಾವತಿ ತೆರೆಯಲ್ಲಿ ಇಲ್ಲ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತು ಇದೆ, ನನಗೆ ಬಹಳ ಹಿಡಿಸಿದ್ದು. ಹಣ ಕಡಿತವಾದ ಮೆಸೇಜಿಗೆ ಗ್ರಾಹಕರು ಅಲ್ಲಿಂದಲೇ ತಿರುಗಿ ಉತ್ತರ ಕೊಟ್ಟು ಆಕ್ಷೇಪ ತಿಳಿಸುವಂತಿರಬೇಕು, ಯಾವುದೋ ವೆಬ್‌ಸೈಟ್ ಹುಡುಕುವ ಹಾಗೆ ಆಗಬಾರದು ಎಂದು ಬರೆದಿದ್ದೀರಿ. ಆದರೆ ಅಕ್ಷರದ ಹೆಸರಿನಿಂದ ಬರುವ ಮೆಸೇಜಿಗೆ ರಿಪ್ಲೈ ಒತ್ತಿದರೆ ಅದು ಹೋಗುವುದೇ ಇಲ್ಲ. ಕೆಲವು ಬ್ಯಾಂಕುಗಳು ಕೊನೆಯಲ್ಲಿ ಒಂದು ನಂಬರ್ ಕೊಡುತ್ತವೆ, ಅದೂ ಇಂಗ್ಲಿಷಿನಲ್ಲಿ, ಯಾವ ಪದವನ್ನು ಯಾವ ನಂಬರಿಗೆ ಕಳಿಸಬೇಕು ಎಂಬ ಸೂಚನೆಯ ಜೊತೆ. ಅಂಗಡಿಯ ಸೌಂಡ್‌ಬಾಕ್ಸ್ ದುಡ್ಡು ಬಂದಾಗ ಚೆನ್ನಾಗಿ ಕನ್ನಡದಲ್ಲಿ ಕೂಗಿ ಹೇಳುತ್ತದೆ. ದುಡ್ಡು ಹೋದಾಗಲೂ ಅದೇ ಭಾಷೆಯಲ್ಲಿ, "ಇದು ನೀವು ಮಾಡಿದ್ದಲ್ಲವಾದರೆ 1 ಒತ್ತಿ" ಎಂದು ಒಂದು ಕರೆ ಬಂದರೆ ಸಾಕು. ತಂತ್ರಜ್ಞಾನ ಇದೆ ಎನ್ನುವುದು ಸೌಂಡ್‌ಬಾಕ್ಸಿನಿಂದಲೇ ಗೊತ್ತಾಗುತ್ತದಲ್ವಾ?

ಇಷ್ಟೆಲ್ಲ ಇದ್ದರೂ ಆ ಹೊಲಿಗೆಯ ಹೆಂಗಸಿಗೆ ಈ ಸುತ್ತೋಲೆ ನೆರವಾಗಲಿಲ್ಲ. ಕಳ್ಳ ಗುಟ್ಟಾಗಿ ಪಿನ್ ಕದ್ದು ಹಣ ಎತ್ತಿದ್ದರೆ ಅವರಿಗೆ ರಕ್ಷಣೆ ಇತ್ತು. ಅದೇ ಕಳ್ಳ ಅವರ ಬಾಯಿಂದಲೇ ಮಾತು ಹೊರಡಿಸಿ, ಅವರ ಬೆರಳಿನಿಂದಲೇ ಪಿನ್ ಒತ್ತಿಸಿದ್ದಕ್ಕೆ ರಕ್ಷಣೆ ಇಲ್ಲ. ಕಳ್ಳತನ ಎರಡೂ ಕಡೆ ಒಂದೇ. ನಷ್ಟವೂ ಒಂದೇ. ಮೋಸಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದಕ್ಕೇ ಈಗ ಅವರು ಯಂತ್ರವನ್ನು ಒಡೆಯುವುದಕ್ಕಿಂತ ಮನುಷ್ಯರನ್ನು ಹೆದರಿಸುವುದರಲ್ಲಿ, ಅವಸರಪಡಿಸುವುದರಲ್ಲಿ ಪಳಗಿದ್ದಾರೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಡಿಜಿಟಲ್ ಅರೆಸ್ಟ್ ಬಗ್ಗೆ, ಅಂದರೆ ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ಹೆದರಿಸಿ ದುಡ್ಡು ಕೀಳುವ ಮೋಸದ ಬಗ್ಗೆ ಮಾತಾಡುವಾಗ ನಮ್ಮ ವಿಜಯಪುರದ ಒಬ್ಬರಿಗೆ ಬಂದ ಕರೆಯನ್ನೇ ಕೇಳಿಸಿದ್ದರು. ಆ ದನಿಯಲ್ಲಿ ಎಷ್ಟು ಅಧಿಕಾರ, ಎಷ್ಟು ಗದರಿಕೆ ಇತ್ತು ಎಂದು ಕೇಳಿದವರಿಗೆ ನೆನಪಿರುತ್ತದೆ. ಅಂಥ ಕರೆಗೆ ಓದಿದವರೇ ಬೀಳುತ್ತಾರೆ.

ಜಾಗೃತಿ ಮೂಡಿಸುತ್ತಿದ್ದೇವೆ ಎಂದು ನೀವು ಹೇಳಬಹುದು. ನಿಜ, ಮಾಡುತ್ತಿದ್ದೀರಿ, ಅದು ಬೇಕು ಕೂಡ. ಆದರೆ ಒಂದು ಹಳೆಯ ಮೋಸದ ಕಥೆ ನೋಡಿ. ಹಣ ಕೇಳುವ ಕಲೆಕ್ಟ್ ರಿಕ್ವೆಸ್ಟ್ ಕಳಿಸಿ, "ಪಿನ್ ಹಾಕಿದರೆ ನಿಮಗೆ ದುಡ್ಡು ಬರುತ್ತದೆ" ಎಂದು ನಂಬಿಸುತ್ತಿದ್ದರು. ಹಳೆ ಸೋಫಾ ಮಾರಲು ಹೋದವರು, ಬಾಡಿಗೆಗೆ ಮನೆ ಹುಡುಕಿದವರು ಎಷ್ಟು ಜನ ಕಳೆದುಕೊಂಡರು! ಹಣ ಪಡೆಯಲು ಪಿನ್ ಬೇಕಿಲ್ಲ ಎಂದು ವರ್ಷಗಟ್ಟಲೆ ಜಾಹೀರಾತು ಕೊಟ್ಟಿರಿ. ಮೋಸ ನಿಲ್ಲಲಿಲ್ಲ. ಕೊನೆಗೆ 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸುವುದನ್ನೇ ನಿಲ್ಲಿಸಿತು. ಕಳ್ಳ ಬರುವ ಬಾಗಿಲನ್ನೇ ಮುಚ್ಚಿತು. ಅದೇ ವರ್ಷದ ಜೂನ್ 30ರಿಂದ ಪಾವತಿ ತೆರೆಯಲ್ಲಿ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರೇ ಕಾಣಬೇಕು ಎಂದೂ ಆಯಿತು. ಅದಕ್ಕೆ ಮುಂಚೆ ಯಾರು ಬೇಕಾದರೂ ಇಷ್ಟ ಬಂದ ಹೆಸರು ಇಟ್ಟುಕೊಳ್ಳಬಹುದಿತ್ತು. ಜನರ ಎಚ್ಚರದ ಮೇಲೆ ಭಾರ ಹಾಕುವುದಕ್ಕಿಂತ ವ್ಯವಸ್ಥೆಯನ್ನು ತಿದ್ದಿದರೆ ಎಷ್ಟು ಬೇಗ ಕೆಲಸ ಆಗುತ್ತದೆ ಎನ್ನುವುದನ್ನು ನೀವೇ ತೋರಿಸಿಕೊಟ್ಟಿದ್ದೀರಿ. ಉಳಿದದ್ದನ್ನೂ ಹಾಗೇ ತಿದ್ದಿ ಎನ್ನುವುದು ನನ್ನ ಕೋರಿಕೆ.

ಮೊದಲನೆಯದು, ಹೊಸಬರಿಗೆ ದೊಡ್ಡ ಮೊತ್ತ ಕಳಿಸುವಾಗ ಸ್ವಲ್ಪ ಬಿಡುವು ಕೊಡಿ. ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಂಡರೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಈಗಲೂ ಇದೆ. ಅದರಿಂದ ಯಾರೂ ಸತ್ತಿಲ್ಲ, ಯಾರ ವ್ಯಾಪಾರವೂ ನಿಂತಿಲ್ಲ. ಅದೇ ಬುದ್ಧಿಯನ್ನು ಇನ್ನೊಂದು ಕಡೆಗೂ ಬಳಸಿ. ನಾವು ಇದುವರೆಗೆ ಒಂದು ಸಲವೂ ಹಣ ಕಳಿಸಿರದ ವ್ಯಕ್ತಿಯ ಖಾತೆಗೆ, ಹತ್ತು ಸಾವಿರಕ್ಕಿಂತ ಜಾಸ್ತಿ ಹೋಗುವಾಗ, ಒಂದು ಗಂಟೆ ತಡೆದು ಕಳಿಸಿ. ಆ ಒಂದು ಗಂಟೆಯಲ್ಲಿ ರದ್ದು ಮಾಡುವ ಗುಂಡಿ ದೊಡ್ಡದಾಗಿ ಕಾಣಲಿ. ಅಂಗಡಿಯ ಪಾವತಿಗೆ ಇದು ಬೇಡ, ಆಸ್ಪತ್ರೆಗೆ ಬೇಡ, ಕಾಲೇಜು ಫೀಸಿಗೆ ಬೇಡ. ಅಪರಿಚಿತ ವ್ಯಕ್ತಿಯ ಖಾತೆಗೆ ಮಾತ್ರ. ಮೋಸಗಾರನ ಬಂಡವಾಳವೇ ಅವಸರ. ಫೋನ್ ಇಟ್ಟ ಹತ್ತು ನಿಮಿಷಕ್ಕೆ ಬಹಳ ಜನರಿಗೆ ಅನುಮಾನ ಹುಟ್ಟುತ್ತದೆ, ಮನೆಯವರ ಹತ್ತಿರ ಹೇಳುತ್ತಾರೆ, ಅಷ್ಟೊತ್ತಿಗೆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ಹೊಲಿಗೆಯ ಹೆಂಗಸಿಗೂ ಅನುಮಾನ ಬಂದಿದ್ದು ಕಾಲು ಗಂಟೆಯೊಳಗೆ, ಬ್ಯಾಲೆನ್ಸ್ ನೋಡಿದಾಗ.

ಎರಡನೆಯದು ಕಷ್ಟದ್ದು, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು. ನಷ್ಟವನ್ನು ಬ್ಯಾಂಕುಗಳೂ ಹಂಚಿಕೊಳ್ಳಬೇಕು. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 7ರಿಂದ ಹೀಗೇ ಮಾಡಿದ್ದಾರೆ. ಮೋಸ ಹೋಗಿ ತಾವೇ ಹಣ ಕಳಿಸಿದವರಿಗೆ 85,000 ಪೌಂಡ್‌ವರೆಗೆ ಬ್ಯಾಂಕ್ ಹಿಂದಿರುಗಿಸಬೇಕು, ಸಾಮಾನ್ಯವಾಗಿ 5 ಕೆಲಸದ ದಿನಗಳಲ್ಲಿ. ಆ ಹೊರೆಯನ್ನು ಹಣ ಕಳಿಸಿದ ಕಡೆಯ ಬ್ಯಾಂಕ್ ಅರ್ಧ, ಹಣ ಪಡೆದ ಕಡೆಯ ಬ್ಯಾಂಕ್ ಅರ್ಧ ಹೊರುತ್ತವೆ. ಗ್ರಾಹಕರು ತೀರಾ ಬೇಜವಾಬ್ದಾರಿಯಿಂದ ನಡೆದುಕೊಂಡಿದ್ದರೆ, ಅಥವಾ ಮೋಸದಲ್ಲಿ ಅವರೇ ಶಾಮೀಲಾಗಿದ್ದರೆ ಮಾತ್ರ ಕೊಡಬೇಕಿಲ್ಲ. ನಮ್ಮ ದೇಶದ ಗಾತ್ರಕ್ಕೆ ಅಷ್ಟು ದೊಡ್ಡ ಮೊತ್ತ ಆಗದಿರಬಹುದು. ಐವತ್ತು ಸಾವಿರದಿಂದ ಶುರು ಮಾಡಿ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಕಳೆದುಕೊಂಡಿದ್ದು ಅದರ ಒಳಗೇ ಇದೆ. ಆದರೆ ಅವರಿಗೆ ಅದು ಮಗನ ಹಾಸ್ಟೆಲ್ ಫೀಸು, ಸಂಘದ ಕಂತು, ಆರು ತಿಂಗಳ ಉಳಿತಾಯ.

ಹಣ ಪಡೆದ ಬ್ಯಾಂಕಿನ ಮೇಲೆ ಅರ್ಧ ಹೊರೆ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಕದ್ದ ದುಡ್ಡು ಗಾಳಿಗೆ ಹೋಗುವುದಿಲ್ಲ, ಯಾವುದಾದರೂ ಒಂದು ಖಾತೆಗೇ ಹೋಗಬೇಕು. ಆ ಖಾತೆಗಳು ಬಾಡಿಗೆ ಖಾತೆಗಳು. ಕಾಲೇಜು ಹುಡುಗರಿಗೋ ಕೂಲಿಯವರಿಗೋ ಒಂದಿಷ್ಟು ಸಾವಿರ ಕೊಟ್ಟು ಅವರ ಹೆಸರಲ್ಲಿ ಖಾತೆ ತೆರೆಸಿ, ಎಟಿಎಂ ಕಾರ್ಡು, ಸಿಮ್ಮು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ನಿನ್ನೆಯವರೆಗೆ ಐನೂರು ರೂಪಾಯಿ ಇದ್ದ ಖಾತೆಗೆ ಒಂದೇ ಮಧ್ಯಾಹ್ನ ಹತ್ತು ಊರುಗಳಿಂದ ದುಡ್ಡು ಬಂದು, ಅಷ್ಟೇ ಬೇಗ ಖಾಲಿಯಾದರೆ ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲವಾ? ಗೊತ್ತಾಗುತ್ತದೆ. ಬೆಂಗಳೂರಿನಲ್ಲೇ ಇರುವ ನಿಮ್ಮ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಇಂಥ ಖಾತೆಗಳನ್ನು ಹಿಡಿಯಲಿಕ್ಕೇ ಮ್ಯೂಲ್‌ಹಂಟರ್ ಎಂಬ ಸಾಧನ ತಯಾರಿಸಿದೆ. ಅದನ್ನು ಬಳಸದ ಬ್ಯಾಂಕಿಗೆ ಈಗ ನಷ್ಟವೇನೂ ಇಲ್ಲ. ಕದ್ದ ದುಡ್ಡಿನ ಅರ್ಧ ತನ್ನ ಕೈಯಿಂದ ಹೋಗುತ್ತದೆ ಎಂದಾಗ ಎಲ್ಲ ಬ್ಯಾಂಕೂ ತಾನಾಗಿ ಬಳಸುತ್ತದೆ.

ಮೂರನೆಯದು ಒಂದು ಸ್ವಿಚ್. 2020ರ ಜನವರಿಯಲ್ಲಿ ಎಟಿಎಂ ಮತ್ತು ಕ್ರೆಡಿಟ್ ಕಾರ್ಡುಗಳಿಗೆ ಒಳ್ಳೆಯ ನಿಯಮ ತಂದಿರಿ. ಆನ್‌ಲೈನ್ ಬಳಕೆ, ವಿದೇಶದ ಬಳಕೆಯನ್ನು ಗ್ರಾಹಕರು ಬೇಕೆಂದಾಗ ಆನ್, ಬೇಡವೆಂದಾಗ ಆಫ್ ಮಾಡಬಹುದು, ಮಿತಿಯನ್ನೂ ತಾವೇ ಇಟ್ಟುಕೊಳ್ಳಬಹುದು. ಯುಪಿಐಗೂ ಅದನ್ನೇ ಕೊಡಿ. ದಿನಕ್ಕೆ ಒಂದು ಲಕ್ಷ ಎಂಬ ಮಿತಿ ದೊಡ್ಡ ವ್ಯಾಪಾರಿಗೆ ಸರಿ. ಪಿಂಚಣಿ ತೆಗೆದುಕೊಳ್ಳುವ ನನ್ನ ಮೇಷ್ಟ್ರಿಗೆ ದಿನಕ್ಕೆ ಎರಡು ಸಾವಿರ ಸಾಕು. ಆ ಮಿತಿಯನ್ನು ಎಲ್ಲ ಆ್ಯಪಿನಲ್ಲೂ ಒಂದೇ ಜಾಗದಲ್ಲಿ ಇಡುವಂತಿರಬೇಕು, ಏರಿಸಬೇಕಾದರೆ ಒಂದು ರಾತ್ರಿ ಕಾಯಬೇಕು. ರಾತ್ರಿ ಮಲಗುವಾಗ ಯುಪಿಐಯನ್ನು ಪೂರ್ತಿ ಮುಚ್ಚಿಡುವ ಗುಂಡಿಯೂ ಇರಲಿ.

ಈ ಸ್ವಿಚ್ ಯಾಕೆ ಬೇಕು ಎನ್ನುವುದಕ್ಕೆ ಈಗ ಹಬ್ಬಿರುವ ಎಪಿಕೆ ಫೈಲ್ ಮೋಸ ಸಾಕು. ವಾಟ್ಸ್‌ಆ್ಯಪಿನಲ್ಲಿ ಮದುವೆ ಕರೆಯೋಲೆ ಎಂದೋ, ಆರ್‌ಟಿಒ ದಂಡ ಎಂದೋ ಒಂದು ಫೈಲ್ ಬರುತ್ತದೆ, ಅದೂ ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ, ಯಾಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ತೆರೆದರೆ ಅದು ಫೋಟೊ ಅಲ್ಲ, ಆ್ಯಪ್. ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಒಟಿಪಿಗಳೆಲ್ಲ ಇನ್ನೆಲ್ಲೋ ಕೂತವನ ತೆರೆಗೆ ಹೋಗುತ್ತವೆ. ಯುಪಿಐ ಪಿನ್ ಹೊಸದಾಗಿ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅದರ ಅವಧಿ ಮತ್ತು ಒಟಿಪಿ ಇದ್ದರೆ ಎಷ್ಟೋ ಕಡೆ ಆಗಿಹೋಗುತ್ತದೆ. ಅಷ್ಟನ್ನು ಅವರು ಫೋನಿನ ಒಳಗಿನಿಂದಲೋ, ಒಂದು ಸುಳ್ಳು ಫಾರ್ಮ್ ತುಂಬಿಸಿಯೋ ಪಡೆಯುತ್ತಾರೆ. ಇಲ್ಲಿ ಗ್ರಾಹಕರು ಪಿನ್ ಒತ್ತಿಲ್ಲ, 2017ರ ಸುತ್ತೋಲೆ ಇಂಥವರ ನೆರವಿಗೆ ಬರಬೇಕು. ಆದರೂ ಕೌಂಟರಿನಲ್ಲಿ "ಫೈಲ್ ಯಾಕೆ ಒತ್ತಿದ್ರಿ" ಎಂದೇ ಕೇಳುತ್ತಾರೆ. ಫೈಲ್ ತೆರೆಯುವುದು ಅಪರಾಧವಲ್ಲ ಎಂದು ನೀವು ಸ್ಪಷ್ಟವಾಗಿ ಬರೆದು ಕಳಿಸಬೇಕು.

ವಾಲೆಟ್‌ಗಳ ಬಗ್ಗೆಯೂ ಒಂದು ಮಾತು. ವಾಲೆಟ್ಟಿನಲ್ಲಿ ಇಟ್ಟ ದುಡ್ಡು ಬ್ಯಾಂಕಿನಲ್ಲಿ ಇಟ್ಟ ಹಾಗೇ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಅದಕ್ಕೆ ಬಡ್ಡಿ ಇಲ್ಲ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿಯ ವಿಮೆ ಅದಕ್ಕಿಲ್ಲ. ಪೂರ್ತಿ ಕೆವೈಸಿ ಆದ ವಾಲೆಟ್ಟಿನಲ್ಲಿ 2 ಲಕ್ಷದವರೆಗೂ ಇಡಬಹುದು ಎಂದು ನೀವು ಬಿಟ್ಟಿರುವಾಗ, ಈ ಎರಡು ಸಾಲು ಆ್ಯಪ್ ತೆರೆದ ಕೂಡಲೇ ಕಾಣಬೇಡವಾ? 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ನನ್ನ ಅಂಗಡಿಯ ಮುಂದೆ ಜನ ಗುಂಪುಗೂಡಿದ್ದರು. ವಾಲೆಟ್ ಯಾವುದು, ಪೇಮೆಂಟ್ಸ್ ಬ್ಯಾಂಕ್ ಯಾವುದು, ಸುಮ್ನೆ ಸ್ಕ್ಯಾನ್ ಮಾಡುವ ಆ್ಯಪ್ ಯಾವುದು ಎಂದು ಅವರಿಗೆ ಬಿಡಿ, ನನಗೂ ಬಿಡಿಸಿ ಹೇಳುವುದು ಕಷ್ಟವಾಯಿತು. ಇಟ್ಟ ದುಡ್ಡು ಖರ್ಚು ಮಾಡಬಹುದು, ಹಿಂದಕ್ಕೆ ಪಡೆಯಬಹುದು ಎಂದು ನೀವು ಹೇಳಿದ್ದಿರಿ. ಆ ಮಾತು ಕನ್ನಡದಲ್ಲಿ ನಮ್ಮವರಿಗೆ ಮುಟ್ಟುವಷ್ಟರಲ್ಲಿ ಗಾಳಿಸುದ್ದಿ ಊರೆಲ್ಲ ಸುತ್ತಿತ್ತು. ಯುಪಿಐ ಲೈಟ್ ಕೂಡ ಹೀಗೇ. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಅದರಲ್ಲಿ 5,000ದವರೆಗೆ ಇಟ್ಟುಕೊಳ್ಳಬಹುದು. ಟೀ ಅಂಗಡಿಗೆ ಬಹಳ ಅನುಕೂಲ. ಆದರೆ ಲಾಕ್ ಇಲ್ಲದ ಫೋನು ಬಸ್ಸಿನಲ್ಲಿ ಕಳೆದುಹೋದರೆ ಆ ದುಡ್ಡು ಜೇಬಿನ ನೋಟು ಕಳೆದ ಹಾಗೇ.

ಇನ್ನು 1930. ಸೈಬರ್ ಮೋಸದ ದೂರಿಗಿರುವ ಈ ಸಹಾಯವಾಣಿ ನಿಮ್ಮ ಇಲಾಖೆಯದ್ದಲ್ಲ, ಗೃಹ ಇಲಾಖೆಯದ್ದು ಎಂದು ಗೊತ್ತು. ಆದರೆ ಅದರ ಯಶಸ್ಸು ನಿಮ್ಮ ಬ್ಯಾಂಕುಗಳ ಕೈಯಲ್ಲಿದೆ. ಕರೆ ಮಾಡಿದ ಕೂಡಲೇ ದೂರು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದಾಟುತ್ತಾ, ಹಣ ಎಲ್ಲಿ ನಿಂತಿದೆಯೋ ಅಲ್ಲಿ ಅದನ್ನು ತಡೆಹಿಡಿಯುವ ವ್ಯವಸ್ಥೆ ಅದು. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದವರಿಗೆ ದುಡ್ಡು ಸಿಗುವ ಸಾಧ್ಯತೆ ಜಾಸ್ತಿ. ಆ ಶನಿವಾರ ಸಂಜೆ ಹೊಲಿಗೆಯ ಹೆಂಗಸಿಗೆ ಈ ನಾಲ್ಕು ಅಂಕಿ ಗೊತ್ತಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಬ್ಯಾಂಕ್ ಬಾಗಿಲು ತೆರೆಯುವುದನ್ನು ಕಾದರು. ಪ್ರತಿ ಕ್ಯೂಆರ್ ಫಲಕದ ಕೆಳಗೆ, ಪ್ರತಿ ಪಾವತಿಯ ರಸೀದಿ ತೆರೆಯಲ್ಲಿ 1930 ಎಂದು ಕಡ್ಡಾಯವಾಗಿ ಬರೆಸಿ. ಆ್ಯಪಿನಲ್ಲಿ "ಮೋಸ ಆಗಿದೆ" ಎಂಬ ಗುಂಡಿ ಒತ್ತಿದರೆ 12 ಅಂಕಿಯ ವಹಿವಾಟು ಸಂಖ್ಯೆ ತಾನಾಗಿ ದೂರಿಗೆ ಹೋಗಲಿ. ಆ ಸಂಖ್ಯೆ ಎಲ್ಲಿದೆ ಎಂದು ಹುಡುಕಿಕೊಡುವುದೇ ಈಗ ನನ್ನ ಅರ್ಧ ಕೆಲಸ.

ತಡೆಹಿಡಿಯುವುದು ಎಂದಾಗ ಇನ್ನೊಂದು ಕಷ್ಟವೂ ನೆನಪಾಗುತ್ತದೆ. ಕಳ್ಳ ಕದ್ದ ದುಡ್ಡಿನಲ್ಲೇ ಎಳನೀರು ಕುಡಿದಿರುತ್ತಾನೆ. ಅರವತ್ತು ರೂಪಾಯಿ ಪಡೆದ ತಪ್ಪಿಗೆ ಎಳನೀರಿನವರ ಇಡೀ ಖಾತೆ ನಿಲ್ಲುತ್ತದೆ. ಯಾಕೆ ಎಂದು ಕೇಳಿದರೆ ಬೇರೆ ಯಾವುದೋ ರಾಜ್ಯದ ಠಾಣೆಯ ವಿಳಾಸ ಕೊಡುತ್ತಾರೆ. ಅನುಮಾನದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು ಎಂದು ಕೇರಳ ಹೈಕೋರ್ಟ್ 2023ರಲ್ಲೇ ಹೇಳಿದೆ. ಅದನ್ನು ಎಲ್ಲ ಬ್ಯಾಂಕಿಗೂ ನಿಯಮವಾಗಿ ಕಳಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡುಗಳು ಎದ್ದಿದ್ದನ್ನು ನಾವೆಲ್ಲ ನೋಡಿದೆವು. ಕಾರಣ ಬೇರೆ ಇರಬಹುದು. ಆದರೆ ಸಣ್ಣ ವ್ಯಾಪಾರಿಗೆ ಭಯ ಹುಟ್ಟಿದರೆ ಹತ್ತು ವರ್ಷ ಕಟ್ಟಿದ ನಂಬಿಕೆ ಒಂದು ವಾರದಲ್ಲಿ ಕುಸಿಯುತ್ತದೆ.

ಈ ಪತ್ರ ಓದುತ್ತಿರುವ ನಮ್ಮವರಿಗೂ ಎರಡು ಮಾತು ಹೇಳುತ್ತೇನೆ, ಯಾಕೆಂದರೆ ನಿಯಮ ಬದಲಾಗುವವರೆಗೆ ನಾವು ಬದುಕಬೇಕಲ್ಲ. ಸಂಬಳ, ಪಿಂಚಣಿ, ಉಳಿತಾಯ ಇರುವ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಖಾತೆ ತೆರೆದು, ವಾರದ ಖರ್ಚಿಗೆ ಬೇಕಾದಷ್ಟು ಮಾತ್ರ ಅದರಲ್ಲಿ ಇಟ್ಟು, ಅದಕ್ಕೆ ಜೋಡಿಸಿ. ನಮ್ಮ ಸಂತೆಯ ಜಾಣ ವ್ಯಾಪಾರಿಗಳು ಮಾಡುವುದೇ ಇದು. ಯಾರಾದರೂ ದುಡ್ಡು ಹಾಕಿದೆ ಎಂದರೆ ಮೆಸೇಜ್ ನೋಡಬೇಡಿ, ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ತಪ್ಪಾಗಿ ಬಂದಿದ್ದರೆ ಅವರ ಬ್ಯಾಂಕಿಗೆ ಹೇಳಲಿ, ನೀವು ಕಳಿಸಬೇಡಿ. ಅಂಗಡಿ ಇಟ್ಟವರು ದಿನಾ ಬೆಳಿಗ್ಗೆ ಒಂದು ಸಲ ನಿಮ್ಮ ಕ್ಯೂಆರ್ ಅನ್ನು ನೀವೇ ಸ್ಕ್ಯಾನ್ ಮಾಡಿ ಹೆಸರು ನೋಡಿ, ರಾತ್ರಿ ಯಾರಾದರೂ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿರಬಹುದು. ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ. ಆಗಲೇ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ನಂಬರ್ ಪಡೆಯಿರಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಬ್ಯಾಂಕಿಗೆ ತಿಳಿಸಿದ ಮೇಲೂ ನಿಮ್ಮ ಖಾತೆಯಿಂದ ಕಳ್ಳ ಹಣ ಎತ್ತಿದರೆ ಆ ನಷ್ಟ ಬ್ಯಾಂಕಿನದ್ದೇ, ಇದು ಇವತ್ತಿನ ನಿಯಮವೇ ಹೇಳುವ ಮಾತು. 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರಬಹುದು. ಅದಕ್ಕೆ ಫೀಸಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448.

ಗವರ್ನರ್ ಅವರೇ, ಆ ಒಂಬುಡ್ಸ್‌ಮನ್ ದೂರು ಕಾಗದದಲ್ಲಿ ಬರೆದರೆ ಚಂಡೀಗಢಕ್ಕೆ ಕಳಿಸಬೇಕು. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ನಿಮ್ಮದೇ ದೊಡ್ಡ ಕಚೇರಿ ಇದೆ. ಕನ್ನಡದಲ್ಲಿ ಬರೆದ ದೂರನ್ನು ಅಲ್ಲೇ ಪಡೆದು, ಓದಿ, ಕನ್ನಡದಲ್ಲೇ ಉತ್ತರಿಸುವ ಒಂದು ಕೌಂಟರ್ ತೆರೆಯಿರಿ. ಮೇಲೆ ಕೇಳಿದ ಉಳಿದದ್ದಕ್ಕೆಲ್ಲ ಸಮಿತಿ ಬೇಕು, ಚರ್ಚೆ ಬೇಕು, ಸಮಯ ಬೇಕು ಎಂದು ನನಗೂ ಗೊತ್ತು. ಇದಕ್ಕೆ ಒಂದು ಮೇಜು, ಕನ್ನಡ ಬಲ್ಲ ಇಬ್ಬರು ಸಿಬ್ಬಂದಿ ಸಾಕು. ತೆರೆದ ದಿನ ತಿಳಿಸಿದರೆ ಮೊದಲ ದೂರುಗಳನ್ನು ನಾನೇ ತಂದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಊರಿನ ಒಬ್ಬ ಜೆರಾಕ್ಸ್ ಅಂಗಡಿಯವ